ಫೋಟೊ ಬೇಕಂದ್ರ ಚೀಲದ್ದು ತಗೀರಿ

ಸಂಶಿ
ತಾ. ೧೯ ಆಗಸ್ಟ್ ೨೦೨೪

ಪ್ರೀತಿಯ ಗೆಳತಿ ನಸೀಮಾಳಿಗೆ,

ಸಾವಿತ್ರೆವ್ವನ ಸಲಾಮು. ಇಷ್ಟು ದಿನ ಬರೆಯದೆ ಕೂತವಳನ್ನು ಬೈದುಕೊಂಡೇ ಓದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಹರಿಯಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಅಣ್ಣಿಗೇರಿಯ ನೀರು ಮಕ್ಕಳಿಗೆ ಹಿಡಿಸಿತೇ?

ನಮ್ಮ ಕಾಳಿನ ಬ್ಯಾಂಕು ನಡೆದಿದೆ. ಮೊದಲು ಸಂಶಿಯ ಹನ್ನೊಂದು ಹೆಂಗಸರಷ್ಟೇ ಇದ್ದೆವು. ಈಗ ದುಮ್ಮವಾಡ, ಬಮ್ಮಿಗಟ್ಟಿಯವರೂ ಕೂಡಿದ್ದಾರೆ. ನಮ್ಮ ಜೋಳ, ಹೆಸರುಕಾಳು ಅತ್ತ ಹೋಗುತ್ತದೆ, ಅವರ ಅಕ್ಕಿ ಇತ್ತ ಬರುತ್ತದೆ. ಸಂತೆಯಲ್ಲಿ ಉಳಿದ ಬದನೆ, ಸೊಪ್ಪನ್ನೂ ಬಿಡುವುದಿಲ್ಲ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೋ ಅವರಿಗೆ ಶನಿವಾರ ಒಂದು ಚೀಲ.

ಹೋದ ತಿಂಗಳು ಭರಮಪ್ಪ ಸಾಹುಕಾರರು ಬಂದರು. ಕಾಳು ಇಡುವ ಗೋಡೌನು ಅವರದು, ತಿಂಗಳಿಗೆ ಹತ್ತು ಚೀಲ ಅಕ್ಕಿಯೂ ಅವರದು.

“ಈ ಸಲಾನೂ ಚೀಲ ಇಸ್ಗೊಳ್ಳಾವ್ರದು ಫೋಟೊ ಆಗ್ಬೇಕು ನೋಡವಾ. ದೊಡ್ಡ ಫ್ಲೆಕ್ಸ್ ಹಾಕಸ್ತೀನಿ,” ಎಂದರು.

“ಫೋಟೊ ಬೇಕಂದ್ರ ಚೀಲದ್ದು ತಗೀರಿ. ಅದಕ್ಕ ನಾಚಿಕಿ ಇಲ್ಲ,” ಎಂದೆ.

“ಹಂಗಾದ್ರ ನಾಳಿಗೆ ನನ್ನ ಗೋಡೌನ್ ಖಾಲಿ ಮಾಡ್ರಿ!”

“ನಾಳಿ ಯಾಕ್ರಿ, ಇವತ್ತ ಮಾಡ್ತೀವಿ.”

ಮಾಡಿದೆವು. ಇಬ್ಬಿಬ್ಬರು ಹಿಡಿದು ಜೋಳದ ಚೀಲಗಳನ್ನು ನನ್ನ ಪಡಸಾಲೆಗೆ ಸಾಗಿಸಿದೆವು. ಸಾಹುಕಾರರ ಅಕ್ಕಿಯನ್ನು ಮುಟ್ಟಲಿಲ್ಲ. ನಲವತ್ತು ಮನೆಗೆ ಅಕ್ಕಿ ಬೇಕು, ಶನಿವಾರಕ್ಕೆ ಎರಡೇ ದಿನ. ದುಮ್ಮವಾಡದ ಗುಂಪು ನಡೆಸುವ ನೀಲಾಗೆ ಫೋನು ಮಾಡಿದೆ.

“ಅಳ್ಕೊಂತ ಕುಂಡ್ರಬ್ಯಾಡ್ರಿ ಅಕ್ಕಾರ. ಮನಿಗೊಂದ್ ಸೇರು ಎತ್ತಿದ್ರ ಸಾಕು,” ಎಂದಳು.

ಶನಿವಾರ ಮುಂಜಾನೆ ಯಲ್ಲೇಶನ ಟೆಂಪೋ ಬಂತು. ದುಮ್ಮವಾಡ, ಬಮ್ಮಿಗಟ್ಟಿ ಎರಡೂ ಊರಿನ ಅಕ್ಕಿ, ಕೈಗೆ ಸಿಕ್ಕಿದ ಚೀಲಗಳಲ್ಲಿ, ಒಬ್ಬರು ದಿಂಬಿನ ಕವಚದಲ್ಲೂ ತುಂಬಿ ಕಳಿಸಿದ್ದರು. ಸಾಹುಕಾರರು ಕೊಡುತ್ತಿದ್ದುದಕ್ಕಿಂತ ಕಡಿಮೆಯೇ. ಎಲ್ಲರಿಗೂ ತುಸು ಕಡಿಮೆ ಅಳೆದೆವು. ಯಾರೂ ಬರಿಗೈಲಿ ಹೋಗಲಿಲ್ಲ. ಫೋಟೊ ಇಲ್ಲವೆಂದು ತಿಳಿದು, ಹಿಂದೆಂದೂ ಬಾರದ ಒಂಬತ್ತು ಮನೆಯವರು ಹಿತ್ತಿಲ ಬಾಗಿಲಿಗೆ ಬಂದು ನಿಂತರು.

“ಮುಂದಿನ ಬಾಗಲ್ಲಿಂದನ ಬರ್ರಿ! ಇಲ್ಲೇನ್ ಯಾರೂ ಭಿಕ್ಷಾ ಹಾಕಾಕತ್ತಿಲ್ಲ,” ಎಂದು ಗದರಿದೆ.

ಸಾಹುಕಾರರು ಎದುರಾದರೆ ಈಗ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಪಡಸಾಲೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಇಲಿಗಳ ಕಾಟ ಬೇರೆ. ಆದರೂ ಆ ಗೋಡೌನಿನ ಕೀಲಿ ಮತ್ತೆ ಕೇಳುವವಳಲ್ಲ ನಾನು.

ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡು, ತಲೆಯೆತ್ತಿ ಬಾಳಲಿ.

ನಿನ್ನ
ಸಾವಿತ್ರೆವ್ವ

ತಾ.ಕ.: ಹೋದ ವರ್ಷ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಚೀಲ ಹಿಡಿದು ನಿಂತವಳು ನೀನು. “ಒಂದ್ ಸಲ ನಿಂದ್ರ ನಸೀಮಾ, ಏನಾಕ್ಕತಿ,” ಎಂದು ರಟ್ಟೆ ಹಿಡಿದು ನಿಲ್ಲಿಸಿದವಳು ನಾನು. ಓಣಿಯ ಮಕ್ಕಳು ನಿನ್ನ ಮಗಳನ್ನು ‘ಚೀಲದಾಕಿ ಮಗಳು’ ಎಂದು ಕರೆಯುತ್ತಿದ್ದುದು ನೀನು ಊರು ಬಿಟ್ಟ ಮೇಲೆ ನನಗೆ ತಿಳಿಯಿತು. ಸಾಹುಕಾರರಿಗೆ ಹೇಳಿದ ಆ ಮಾತನ್ನು ನಾನು ಅವತ್ತೇ ಹೇಳಬೇಕಿತ್ತು. ತಪ್ಪಾಯಿತು ನಸೀಮಾ.