ಇಲಿ ಬರ್ತಾವ

ಹೊರ್ತಿ
೧೭ ಆಗಸ್ಟ್ ೨೦೨೪

ನನ್ನ ರಾಜಿಗೆ, ಅಕ್ಕನ ಮುದ್ದು.

ಸಿಂದಗಿಯ ಆಶ್ರಯಮನೆಗೆ ಬಂದು ನಿನ್ನನ್ನು ಕಂಡು ಇಪ್ಪತ್ತು ದಿನವಾಯಿತು. ಹೋದಕೂಡಲೇ ಬರೆಯುತ್ತೇನೆ ಅಂದವಳು ಈಗ ಕೂತಿದ್ದೇನೆ, ಸಿಟ್ಟಾಗಬೇಡ. ಐದು ತಿಂಗಳ ಕೂಸು ಮಲಗುವುದಿಲ್ಲ. ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಮುಂದೆ ಬೆರಳು ಹಿಡಿದು ನಾನೇ ಎಚ್ಚರವಿರುತ್ತೇನೆ. "ಬಿ.ಎ. ಕಲ್ತಾಕಿ, ಕೂಸಿಗಿ ಹೆದರ್ತಾಳ" ಎಂದು ಅತ್ತೆ ಓಣಿಗೆಲ್ಲ ಹೇಳಿ ನಗುತ್ತಾರೆ.

ಪಂಚಮಿಗೆ ನಿನ್ನನ್ನು ಕರೆಯಲು ನಾನು ಬರಲಿಲ್ಲ. ನೀನು ಚೀಲ ಕಟ್ಟಿಕೊಂಡು ಸಂಜೆತನಕ ಗೇಟಿನ ಹತ್ತಿರ ಕೂತಿದ್ದೆಯಂತೆ. ಹುಡುಗಿಯರು ಜೋಕಾಲಿಗೆ ಕರೆದರೂ ಏಳಲಿಲ್ಲವಂತೆ. ನಿಮ್ಮ ಮೇಲ್ವಿಚಾರಕಿ ಸುಮಿತ್ರಾಬಾಯಿ ಫೋನಿನಲ್ಲಿ ಹೇಳಿದರು. ನಮ್ಮ ಮನೆಯವರನ್ನು ಕೇಳಿದ್ದೆ ರಾಜಿ. "ಹದಿನೈದು ವರ್ಷದ ಹುಡುಗಿ, ಅಲ್ಲಿಂದ ಬಂದಾಳಂದ್ರ ಮಂದಿ ಏನಂತಾರ? ಬ್ಯಾಡ" ಅಂದರು. ಕೆಟ್ಟವರಲ್ಲ, ಮಂದಿ ಬಾಯಿಗೆ ಹೆದರುವವರು. ನಾನು ಹಟ ಹಿಡಿಯಬಹುದಿತ್ತು. ಉಂಡಿ ಕಟ್ಟುತ್ತ ಕೂತೆ.

ಸುಮಿತ್ರಾಬಾಯಿ ಇನ್ನೊಂದು ಮಾತು ಹೇಳಿದರು. "ನಿಮ್ಮ ತಂಗಿ ದಿನಾ ಮಲಗೂ ಮುಂದ ಟ್ರಂಕು ಎಳದು ಬಾಗಲಕ್ಕ ಒತ್ತತಾಳ್ರಿ. ಯಾಕವ್ವಾ ಅಂದ್ರ, ಇಲಿ ಬರ್ತಾವ್ರಿ ಅಂತಾಳ. ನಮ್ಮಲ್ಲಿ ಎಲ್ಲಿ ಇಲಿ ಬರಬೇಕ್ರಿ, ಎರಡು ಬೆಕ್ಕು ಸಾಕೇವಿ!" ಅವರು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ.

ಆಮೇಲೆ ಅವರ ದನಿ ಇಳಿಯಿತು. ಕಾಕಾ ನಿನ್ನನ್ನು ನಮ್ಮೂರು ಮಸೂತಿಗೆ ಮರಳಿ ಕರೆದೊಯ್ಯಲು ಅರ್ಜಿ ಕೊಟ್ಟಿದ್ದಾನೆ. ಗುರುವಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. "ಅಪ್ಪ ಅವ್ವ ಇಲ್ಲದ ಎರಡು ಹುಡಿಗೇರನ್ನ ಸಾಕೇನ್ರಿ. ಹಿರಿಯಾಕಿ ಲಗ್ನ ಮಾಡೇನಿ. ಆಕಿ ಒಂದ್ ಮಾತ ಅಂದಾಳೇನ್ ಕೇಳ್ರಿ" ಎಂದು ಎದೆ ಬಡಿದುಕೊಂಡನಂತೆ. ನೀನು ಕಾಕಾನ ಬಗ್ಗೆ ಶಾಲೆಯ ಟೀಚರಿಗೆ ಹೇಳಿದ್ದಕ್ಕೆ ಬೇರೆ ಸಾಕ್ಷಿಯಿಲ್ಲ. "ಅಕ್ಕ ಏನರ ಹೇಳಿದ್ರ ತೂಕ ಬರ್ತಿತ್ರಿ" ಎಂದು ಹೇಳಿ ಸುಮಿತ್ರಾಬಾಯಿ ಕಾದರು. ಕೂಸು ಅಳುತ್ತಿದೆ ಎಂದು ಫೋನಿಟ್ಟೆ. ಕೂಸು ಅಳುತ್ತಿರಲಿಲ್ಲ.

ಭೇಟಿಯ ದಿನ ನೀನು ಕೇಳಿದ್ದು ಒಂದೇ: "ಅಕ್ಕಾ, ನೀನರ ನಂಬ್ತಿ?" ನಾನು ಕೂಸಿನ ತಲೆಯ ಕುಲಾಯಿ ಸರಿಮಾಡುತ್ತ, "ಮೊದಲ ರೊಟ್ಟಿ ತಿನ್ನು" ಎಂದೆ. ನೀನು ತಿನ್ನಲಿಲ್ಲ.

ಇಂಡಿ-ಸಿಂದಗಿ ಬಸ್ಸಿನ ಕಂಡಕ್ಟರ್ ಮೋದಿನಸಾಬರ ಕೈಯಲ್ಲಿ ಈ ಕಾಗದದ ಜೊತೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಂಡಿ ಕಳಿಸುತ್ತಿದ್ದೇನೆ. ಗೆಳತಿಯರಿಗೂ ಕೊಡು. ಓದು ಬಿಡಬೇಡ. ನಿನ್ನ ಬಾಳು ನನ್ನದರಂತೆ ಬಾಗಿಲು ನೋಡುತ್ತ ಕಳೆಯದಿರಲಿ.

ನಿನ್ನ
ಅಕ್ಕ

ತಾ.ಕ.: ಮದುವೆಯಾಗಿ ಹೊರಡುವವರೆಗೂ ನಾನು ನಮ್ಮ ಕೋಣೆಯ ಬಾಗಿಲಿಗೆ ಜೋಳದ ಚೀಲ ಒತ್ತಿ ಮಲಗುತ್ತಿದ್ದೆ. ಯಾಕಕ್ಕಾ ಎಂದು ನೀನು ಕೇಳಿದ್ದೆ. ಇಲಿ ಬರ್ತಾವ ಎಂದು ನಾನು ಅಂದಿದ್ದೆ. ಇಲಿ ಇರಲಿಲ್ಲ ರಾಜಿ. ಚೀಲ ಇಡಬೇಕೆಂದು ನನಗೆ ತಿಳಿಯುವ ಮೊದಲೇ ಕಾಕಾ ಬಂದಿದ್ದ. ಯಾರಿಗೂ ಹೇಳದೆ, ನಿನಗೂ ಹೇಳದೆ, ನಿನ್ನನ್ನು ಅದೇ ಕೋಣೆಯಲ್ಲಿ ಬಿಟ್ಟುಬಂದೆ. ಆ ಚೀಲ ಎಳೆಯುವಷ್ಟು ಶಕ್ತಿಯೂ ಆಗ ನಿನಗಿರಲಿಲ್ಲ.

ಗುರುವಾರ ನನ್ನನ್ನು ಕಳಿಸುತ್ತಾರೋ ಇಲ್ಲವೋ, ಕಳಿಸಿದರೂ ಕಾಲು ಬರುತ್ತವೋ ಇಲ್ಲವೋ. ಈ ಕಾಗದ ಹರಿಯಬೇಡ. ಸುಮಿತ್ರಾಬಾಯಿಯ ಕೈಗೆ ಕೊಡು. ಕೆಳಗೆ ಪೂರ್ತಿ ಹೆಸರು ಬರೆದಿದ್ದೇನೆ.

ಸುಜಾತಾ ದುಂಡೇಶ ಮಾಶ್ಯಾಳ