ಮೂರನೆಯ ಬೀಗ

ಮಡಕಶಿರಾ
ಸೋಮವಾರ

ಮರುಳಪ್ಪನವರಿಗೆ ನಮಸ್ಕಾರ.

ಮನೆಯಿಲ್ಲದವರಿಗೆಂದು ನಮ್ಮ ಮೂರು ಸಂಘಗಳು ಸೇರಿ ಕಟ್ಟಿಸಿದ ತಂಗುಮನೆಗೆ, ಸಂಘಕ್ಕೊಂದರಂತೆ ಮೂರು ಬೀಗ ಹಾಕೋಣವೆಂದವರು ನೀವು. ಒಬ್ಬರ ಮೇಲೊಬ್ಬರಿಗೆ ಅನುಮಾನ ಬರಬಾರದು ಎಂದಿರಿ. ಒಕ್ಕೂಟದ ಅಧ್ಯಕ್ಷೆಯಾಗಿ ಅದಕ್ಕೆ ಒಪ್ಪಿದ್ದು ನನ್ನ ತಪ್ಪು.

ನಿನ್ನೆ ಸಂಜೆ ಮಳೆ ಹಿಡಿದಾಗ ಬಸ್‌ಸ್ಟ್ಯಾಂಡಿನಿಂದ ಒಂಬತ್ತು ಜನ ಬಂದು ಮೆಟ್ಟಿಲ ಮೇಲೆ ನಿಂತರು. ಎರಡು ಬೀಗ ತೆಗೆದೆವು. ಮೂರನೆಯದು ನಿಮ್ಮ ಸಂಘದ್ದು; ಅದರ ಕೀಲಿಕೈ ನಿಮ್ಮ ಉಡಿದಾರದಲ್ಲಿತ್ತು, ನೀವು ರತ್ನಗಿರಿಯ ಮದುವೆಯಲ್ಲಿದ್ದಿರಿ. ಫೋನ್ ಮಾಡಿದರೆ, "ಊಟಕ್ಕೆ ಕೂತಿದ್ದೀನಿ, ನಾಳೆ ನೋಡಾನ ಬಿಡಮ್ಮ" ಎಂದಿರಿ.

ಆ ಒಂಬತ್ತು ಜನರಲ್ಲಿ ನೆನೆದು ನಡುಗುತ್ತಿದ್ದ ಪಾಲಮ್ಮಜ್ಜಿ ನನ್ನನ್ನು ಕೇಳಿದಳು: "ಮೂರು ಬೀಗ ಹಾಕಾಕೆ ಒಳಗೇನೈತವ್ವಾ?"

ಒಳಗಿದ್ದದ್ದು ಇಪ್ಪತ್ತು ಚಾಪೆ. ಹೇಳಲು ನಾಚಿಕೆಯಾಯಿತು. ಕಲ್ಲು ಎತ್ತಿಕೊಂಡೆ.

ಒಡೆದ ನಿಮ್ಮ ಬೀಗವನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಹೊಸದು ತರಬೇಡಿ. ಉಳಿದೆರಡನ್ನೂ ತೆಗೆಸಿದ್ದೇನೆ. ಈಗ ಬಾಗಿಲಿಗೆ ಒಳಚಿಲಕ ಮಾತ್ರ ಇದೆ, ಅದನ್ನು ಹಾಕಿಕೊಳ್ಳುವವರು ಅಲ್ಲಿ ಮಲಗುವವರೇ. ನೀವು ಬಂದರೆ ಬಾಗಿಲು ತಟ್ಟಿ. ಪಾಲಮ್ಮಜ್ಜಿ ತೆಗೆದರೆ ಒಳಗೆ ಬನ್ನಿ.

ಇತಿ,
ದುರ್ಗಾ