ಸುಣ್ಣದ ಮಾತ್ರೆ ನುಂಗಿಸಿ ಝೀಟಾಳ ಹೆಸರು ಹೊಡೆದುಹಾಕಿದವರಿಗೆ

ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಅಧಿಕಾರಿಗಳಾದ ಮಾನ್ಯರೇ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಎರಡೂವರೆ ವರ್ಷದಲ್ಲಿ ನನ್ನ ಮಗಳು ಝೀಟಾಳ ಬಲ ತೊಡೆಯ ಎಲುಬು ಮೂರು ಸಲ ಮುರಿದಿದೆ. ಮೂವತ್ತೊಂದು ವಾರ ಪ್ಲಾಸ್ಟರು. ಉಚ್ಚಿಲದಿಂದ ಮಣಿಪಾಲಕ್ಕೆ ಅರುವತ್ತೆರಡು ಪ್ರಯಾಣ, ಎಕ್ಸ್‌ರೇ ಇಪ್ಪತ್ತಮೂರು. ಇದೆಲ್ಲ ರೋಗದ ಬಾಬ್ತು. ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ಬಾಬ್ತು ಬೇರೆ ಉಂಟು: ಅವಳಿಗೆ ಬೇಡವಾಗಿದ್ದ ನೂರ ಮೂವತ್ತು ಕ್ಯಾಲ್ಸಿಯಂ ಮಾತ್ರೆ ಮತ್ತು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಎಳೆದ ಒಂದು ಕೆಂಪು ಗೆರೆ. ಆ ಗೆರೆಯಿಂದಾಗಿ ಹನ್ನೆರಡು ವರ್ಷದ ಹುಡುಗಿ ಈ ಜೂನ್‌ನಿಂದ ಶಾಲೆಯ ಹೊರಗಿದ್ದಾಳೆ. ಮಾರ್ಚಿನಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಗೊಬ್ಬರದ ಮೂಟೆ ಹೊತ್ತು, ಆಮೇಲೆ ಅದೇ ಗೊಬ್ಬರ ಮಾರುವ ಅಂಗಡಿ ಹಾಕಿಕೊಂಡವನು. ಆದ್ದರಿಂದ ವೈದ್ಯಶಾಸ್ತ್ರದಲ್ಲಿ ನನ್ನ ಅಜ್ಞಾನ ಪೂರ್ಣವಾದದ್ದು. ಅದರಲ್ಲಿ ನಿಮ್ಮೊಡನೆ ಸ್ಪರ್ಧೆಗೆ ಇಳಿಯುವ ಉದ್ದೇಶವಿಲ್ಲ.

ಮೊದಲ ಸಲ ಎಲುಬು ಮುರಿದಾಗ ಎಲ್ಲರಂತೆ ನಾನೂ ಕಾರ್ಕಳದ ಕಡೆಯ ಎಲುಬು ಕಟ್ಟುವ ಅಣ್ಣುವಿನ ಬಳಿಗೆ ಹೊತ್ತುಕೊಂಡು ಹೋದೆ. ಅವರು ತೊಡೆಯನ್ನು ಮೆಲ್ಲಗೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದರು. "ಇದು ನನ್ನ ಕೈಯ ಕೆಲಸ ಅಲ್ಲ ಮಾರಾಯ್ರೆ. ಮುರಿದ ಎಲುಬನ್ನು ನಾನು ಕಟ್ಟಿಯೇನು. ಇದರಲ್ಲಿ ಎಲುಬೇ ಸರಿ ಇಲ್ಲ. ಮಣಿಪಾಲಕ್ಕೆ ಹೋಗಿ, ತಡ ಮಾಡ್ಬೇಡಿ." ದಕ್ಷಿಣೆಯನ್ನೂ ತೆಗೆದುಕೊಳ್ಳಲಿಲ್ಲ. ತನಗೆ ಗೊತ್ತಿಲ್ಲದ್ದು ಯಾವುದೆಂದು ಗೊತ್ತಿರುವುದೂ ಒಂದು ವಿದ್ಯೆ, ಮಾನ್ಯರೇ. ಅದಕ್ಕೆ ಪದವಿ ಬೇಕಾಗಿಲ್ಲ ಎಂದು ಅವತ್ತು ಕಂಡೆ. ಪದವಿಯಿಂದ ಅದು ಬರುವುದೂ ಇಲ್ಲ ಎಂದು ಆಮೇಲೆ ನಿಮ್ಮಲ್ಲಿ ಕಂಡೆ.

ಮಣಿಪಾಲದ ವೈದ್ಯರು ರೋಗಕ್ಕೆ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ ಹೆಸರು ಹೇಳಿದರು. ಗಟ್ಟಿ ಎಲುಬು ಇರಬೇಕಾದ ಜಾಗದಲ್ಲಿ ನಾರಿನಂಥ ಅಂಶ ತುಂಬಿಕೊಳ್ಳುತ್ತದೆ. ಸಾಲದ್ದಕ್ಕೆ, ಇಂಥ ಕೆಲವು ಮಕ್ಕಳ ಮೂತ್ರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಸೋರಿಹೋಗುತ್ತದೆ. ರಂಜಕವಿಲ್ಲದೆ ಬರಿಯ ಸುಣ್ಣದಿಂದ ಎಲುಬು ಗಟ್ಟಿಯಾಗುವುದಿಲ್ಲ. ಝೀಟಾಳ ರಕ್ತದಲ್ಲಿ ಸುಣ್ಣಾಂಶ ಬೇಕಾದಷ್ಟಿತ್ತು. ನಾಲ್ಕಕ್ಕೆ ಮೇಲಿರಬೇಕಾದ ರಂಜಕ ಎರಡೂಕಾಲಕ್ಕೆ ಇಳಿದಿತ್ತು. ಇದೆಲ್ಲ ಪತ್ತೆಯಾಗುವಷ್ಟರಲ್ಲಿ ಎಲುಬು ಎರಡನೆಯ ಸಲ ಮುರಿದಿತ್ತು. ದಿನಕ್ಕೆ ಐದು ಹೊತ್ತು ಫಾಸ್ಫೇಟಿನ ನೀರು ಕುಡಿಸಬೇಕು, ಅದರಲ್ಲಿ ಒಂದು ಹೊತ್ತು ಶಾಲೆಯಲ್ಲಿ, ಮಧ್ಯಾಹ್ನ. "ಪಪ್ಪಾ, ಸಮುದ್ರದ ನೀರು ಇದಕ್ಕಿಂತ ರುಚಿ ಉಂಟು," ಎಂದಳು ಮಗಳು. ಆದರೂ ಮೂಗು ಹಿಡಿದು ಕುಡಿದಳು. ಎಂಟು ತಿಂಗಳಲ್ಲಿ ರಂಜಕ ಮೂರೂವರೆಗೆ ಏರಿತು. ಎಕ್ಸ್‌ರೇ ಹಿಡಿದು ತೋರಿಸಿ ವೈದ್ಯರು, "ಎಲುಬಿನ ಅಂಚು ಗಟ್ಟಿಯಾಗ್ತಾ ಉಂಟು, ನೋಡಿ," ಎಂದರು. ನನಗೇನೂ ಕಾಣಲಿಲ್ಲ. ಅವರ ಮುಖ ಕಂಡಿತು, ಅಷ್ಟು ಸಾಕಾಯಿತು.

ಆಗ, ಕಳೆದ ವರ್ಷದ ಜುಲೈಯಲ್ಲಿ, ತಾವು ನಮ್ಮ ಶಾಲೆಗೆ ಬಂದಿರಿ. ಒಂದು ಮಧ್ಯಾಹ್ನದಲ್ಲಿ ಇನ್ನೂರ ಹತ್ತು ಮಕ್ಕಳನ್ನು ನೋಡಿ ಮುಗಿಸಿದಿರಿ. ನನ್ನ ಅಂಗಡಿಯಲ್ಲಿ ಮೂಟೆ ಎಣಿಸುವಾಗಲೂ ಇದಕ್ಕಿಂತ ಹೆಚ್ಚು ಹೊತ್ತು ತಗಲುತ್ತದೆ. ಝೀಟಾಳ ಕುಂಟು ನಡಿಗೆ ನೋಡಿ, "ಸುಣ್ಣಾಂಶದ ಕೊರತೆ, ಪೋಷಕರ ಅಲಕ್ಷ್ಯ," ಎಂದು ಬರೆದಿರಿ. ದಿನಕ್ಕೊಂದು ಮಾತ್ರೆಯನ್ನು ಮಧ್ಯಾಹ್ನ ಕಣ್ಣೆದುರೇ ನುಂಗಿಸಬೇಕೆಂದು ಹೆಡ್‌ಮಿಸ್ಟ್ರೆಸ್ ವೇದಾವತಿ ಟೀಚರಿಗೆ ಆಜ್ಞೆ ಕೊಟ್ಟಿರಿ. ಮಗು ಬ್ಯಾಗಿನಲ್ಲಿದ್ದ ಮಣಿಪಾಲದ ಚೀಟಿ ತೋರಿಸಲು ಹೋದಾಗ, "ನೆಕ್ಸ್ಟ್," ಎಂದಿರಂತೆ.

ನಾನು ನಿಮ್ಮ ಕಚೇರಿಗೆ ಬಂದದ್ದು ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮ ಕ್ರೈಸ್ತ ಜನರನ್ನು ಊರು ಕರೆಯುವ ಹಾಗೆ ನೀವೂ ಕರೆದಿರಿ: "ಪೊರ್ಬುಗಳೇ, ಮಗುವಿಗೆ ಮೀನು ತಿನ್ನಿಸಿ. ಮುಳ್ಳು ಸಮೇತ."

"ಸ್ವಾಮೀ, ನಾವು ಉಚ್ಚಿಲದವರು. ಅಲ್ಲಿ ಮೀನು ತಿನ್ನದ ಬೆಕ್ಕೂ ಇಲ್ಲ. ಇವಳಿಗೆ ಕಡಿಮೆ ಇರುವುದು ರಂಜಕ. ಅದರ ಜೊತೆ ಸುಣ್ಣ ಕೊಟ್ಟರೆ ಎರಡೂ ಹೊಟ್ಟೆಯಲ್ಲೇ ಗಂಟು ಹಾಕಿಕೊಳ್ಳುತ್ತವೆ ಅಂತ ಡಾಕ್ಟರು ಹೇಳಿದ್ದಾರೆ."

"ನೀವು ಗೊಬ್ಬರ ಮಾರುವವರು. ಔಷಧ ನಮಗೆ ಬಿಡಿ."

ಬಿಡುತ್ತಿದ್ದೆ. ಆದರೆ ಈ ವಿಷಯ ಗೊಬ್ಬರದವನಿಗೇ ಮೊದಲು ತಿಳಿಯುವಂಥದ್ದು. ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಒಂದೇ ದಿನ ಗದ್ದೆಗೆ ಹಾಕಬೇಡಿ, ಒಂದು ಇನ್ನೊಂದನ್ನು ಕಟ್ಟಿಹಾಕುತ್ತದೆ ಎಂದು ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿದ್ದೇನೆ. ಕಾಪುವಿನ ರೈತ ಕಾಲು ಎಕ್ರೆ ಗದ್ದೆಯ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಚೀಟಿ ಬಂದ ಮೇಲೆಯೇ ಗೊಬ್ಬರ ಒಯ್ಯುತ್ತಾನೆ. ಗದ್ದೆಗಿರುವ ಈ ಭಾಗ್ಯ ಮಗುವಿನ ಎಲುಬಿಗೆ ಯಾಕಿಲ್ಲ? ಪರೀಕ್ಷೆಯಾಗಿ ಬಂದ ಚೀಟಿಯನ್ನಾದರೂ ಓದಲು ನಿಮ್ಮ ಕನ್ನಡಕ ಒಪ್ಪುವುದಿಲ್ಲವೇ?

ವೇದಾವತಿ ಟೀಚರನ್ನು ಕೇಳಿದರೆ ಅವರ ಕಣ್ಣಲ್ಲಿ ನೀರು. "ನಾನು ಎಂತ ಮಾಡುದು ಪಾಸ್ಕಲರೇ? ಮೇಲಿನಿಂದ ಬರೆದು ಕೊಟ್ಟದ್ದು. ಒಂದು ಮಾತ್ರೆ ಉಳಿದರೂ ನನಗೆ ಮೆಮೊ ಬರ್ತದೆ." ಹೀಗೆ ಜುಲೈಯಿಂದ ಜನವರಿವರೆಗೆ ಒಂದು ಗುಟುಕು ರಂಜಕ, ಅದರ ಹಿಂದೆಯೇ ಒಂದು ಸುಣ್ಣದ ಮಾತ್ರೆ. ರಕ್ತದಲ್ಲಿ ರಂಜಕ ಮತ್ತೆ ಎರಡೂವರೆಗೆ ಇಳಿಯಿತು. ಜನವರಿಯಲ್ಲಿ ಶಾಲೆಯ ಜಗಲಿಯಿಂದ ಇಳಿಯುವಾಗ ಎಲುಬು ಮೂರನೆಯ ಸಲ ಮುರಿಯಿತು. ನಿಮ್ಮ ಮಾತ್ರೆಯಿಂದಲೇ ಮುರಿಯಿತು ಎಂದು ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಬರೆದುಕೊಡುವ ಅಭ್ಯಾಸ ಅವರಿಗೂ ಇಲ್ಲ, ನನಗೂ ಇಲ್ಲ.

ಜೂನ್‌ನಲ್ಲಿ ಅವಳು ಊರುಗೋಲು ಹಿಡಿದು ಶಾಲೆಗೆ ಹೋದಾಗ ಗೇಟಿನಲ್ಲಿ ನಿಮ್ಮ ಹೊಸ ಆಜ್ಞೆ ಕಾದಿತ್ತು: "ಸಂಪೂರ್ಣ ಗುಣಮುಖಳಾದ ಪ್ರಮಾಣಪತ್ರ ತಂದ ನಂತರವೇ ಪ್ರವೇಶ." ಈ ರೋಗ ಸಂಪೂರ್ಣ ಗುಣವಾಗುವುದಿಲ್ಲ, ಮಾನ್ಯರೇ. ಸುಳ್ಳು ಬರೆಯಲು ಮಣಿಪಾಲದ ವೈದ್ಯರು ಒಪ್ಪಲಿಲ್ಲ. ಅವರು ಬರೆದದ್ದು ಇಷ್ಟೆ: "ಓಡಬಾರದು, ಮೆಟ್ಟಿಲು ಹತ್ತಬಾರದು, ಕುಳಿತು ಓದಲು ಯಾವ ಅಡ್ಡಿಯೂ ಇಲ್ಲ." ಅದನ್ನು ನೀವು "ಅಪೂರ್ಣ" ಎಂದು ಷರಾ ಬರೆದು ಹಿಂದಕ್ಕೆ ಕಳುಹಿಸಿದಿರಿ. ಆ ಸಂಜೆ ಝೀಟಾ ನನ್ನನ್ನು ಕೇಳಿದಳು: "ಪಪ್ಪಾ, ಲೆಕ್ಕ ಮಾಡ್ಲಿಕ್ಕೆ ತೊಡೆ ಬೇಕಾ?" ಅವಳ ತಾಯಿ ವೆರೊನಿಕಾ ಎದ್ದು ಒಳಗೆ ಹೋದಳು. ಆ ಪ್ರಶ್ನೆಯನ್ನು ಈಗ ನಿಮಗೆ ರವಾನಿಸುತ್ತಿದ್ದೇನೆ.

ದಯೆ ಬೇಡ. ಕೆಂಪು ಗೆರೆಯನ್ನು ಈ ತಿಂಗಳೊಳಗೆ ರದ್ದು ಮಾಡಿ. ಏಳನೆಯ ತರಗತಿಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತನ್ನಿ. ಬೆಂಚು ಹೊರಲು ನಾನೇ ಬರುತ್ತೇನೆ, ಹೊತ್ತು ಅಭ್ಯಾಸ ಉಂಟು. ಮಧ್ಯಾಹ್ನ ಅವಳ ಔಷಧ ಅವಳು ಕುಡಿಯಲಿ. ನಿಮ್ಮ ಮಾತ್ರೆ ಬೇಕಾದವರಿಗೆ ಹೋಗಲಿ. ಮಾರ್ಚಿನ ಪರೀಕ್ಷೆಗೆ ಅವಳ ಹೆಸರು ಸೇರಿಸಿ.

ಇಷ್ಟರವರೆಗೆ ಯಾರಿಗೆ ಎಂತ ಸಿಕ್ಕಿತು ಎಂದರೆ, ನಿಮಗೆ "ಕೊರತೆಯುಳ್ಳ ಮಕ್ಕಳು: ಸೊನ್ನೆ" ಎಂಬ ಚಂದದ ವಾರ್ಷಿಕ ವರದಿ. ಟೀಚರಿಗೆ ಮೆಮೊ ಇಲ್ಲದ ಒಂದು ವರ್ಷ. ನನಗೆ ಅಪೂರ್ಣ ಎಂಬ ಷರಾ ಇರುವ ಒಂದು ಕಾಗದ. ಝೀಟಾಳಿಗೆ ಏನೂ ಇಲ್ಲ.

ಇಂತಿ,
ಮಗಳ ಎಲುಬನ್ನು ಗಟ್ಟಿ ಮಾಡಲು ಹೋಗಿ ನಿಮ್ಮ ಮನಸ್ಸನ್ನು ಮಾತ್ರ ಗಟ್ಟಿ ಮಾಡಿದ
ಪಾಸ್ಕಲ್, ಗೊಬ್ಬರದ ವ್ಯಾಪಾರಿ
ಉಚ್ಚಿಲ, ಅಕ್ಟೋಬರ್ ೧೯೮೪